ಕೂದಲಿಗೋಸ್ಕರ ಮಕ್ಕಳ ಈಜು ಬಿಡಿಸಬೇಡಿ

ಕಳೆದ ಬೇಸಗೆ ರಜೆ ಮುಗಿಯುತ್ತಾ ಬಂದ ಸಮಯ. ಬೆಳಿಗ್ಗೆ ಮದ್ರಸ ಬಿಟ್ಟು ನಾವು ಹಾಜರಿ ಪುಸ್ತಕ ಮುಚ್ಚುತ್ತಿರುವಾಗ ಐದನೇ ತರಗತಿಯ ಹುಡುಗಿಯೊಬ್ಬಳ ಉಮ್ಮ ಗೇಟಿನ ಹತ್ತಿರ ಕಾಯ್ತಾ ಇದ್ದರು. ಫೀಸಿನ ವಿಷಯ ಇರಬಹುದು ಅಂತ ನಾವು ಅಂದುಕೊಂಡೆವು. ಅಲ್ಲ.

"ಉಸ್ತಾದರೇ, ನೀವೊಂದು ಮಾತು ಹೇಳಿದರೆ ಅವಳು ಕೇಳ್ತಾಳೆ. ಈಜಿಗೆ ಹೋಗುವುದು ಸಾಕು ಅಂತ ಹೇಳಿ. ಎರಡು ತಿಂಗಳಲ್ಲಿ ಅವಳ ಕೂದಲು ತೆಂಗಿನ ನಾರಿನ ಹಾಗೆ ಆಗಿದೆ. ಬಾಚಲಿಕ್ಕೆ ಕೂತರೆ ಬಾಚಣಿಗೆಯೇ ಮುರೀತದೆ. ನಾಳೆ ಮದುವೆ ಪ್ರಾಯಕ್ಕೆ ಬಂದಾಗ ಯಾರು ಜವಾಬ್ದಾರಿ?"

ಹತ್ತು ವರ್ಷದ ಮಗುವಿನ ಮದುವೆಯ ಚಿಂತೆ ಈಗಲೇ ಯಾಕೆ ಅಂತ ನಾವು ಕೇಳಬಹುದಿತ್ತು. ಕೇಳಲಿಲ್ಲ. ಮರುದಿನ ಪಾಠ ಮುಗಿದ ಮೇಲೆ ಹುಡುಗಿಯನ್ನು ಕರೆದು, "ಸ್ವಲ್ಪ ದಿನ ಈಜು ಬಿಡು ಮಗಳೇ, ಉಮ್ಮನಿಗೆ ಬೇಜಾರಾಗ್ತದೆ" ಅಂದುಬಿಟ್ಟೆವು. ಅವಳು ಒಂದೂ ಮಾತಾಡದೆ ತಲೆ ಆಡಿಸಿದಳು. ಸ್ವಲ್ಪ ದಿನ ಅಂತ ನಾವು ಹೇಳಿದ್ದು. ಅವಳು ಪೂರ್ತಿ ಬಿಟ್ಟಳು.

ಆ ತಪ್ಪು ನಮಗೆ ಗೊತ್ತಾದದ್ದು ಮಳೆ ಹಿಡಿದ ಮೇಲೆ. ಜೂನ್ ಬಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಹೊಳೆ, ಕೆರೆ, ಕಲ್ಲಿನ ಕೋರೆಯ ಗುಂಡಿಯಲ್ಲಿ ಮುಳುಗಿ ಹೋದ ಮಕ್ಕಳ ಸುದ್ದಿ ಬರುವುದು ನಿಮಗೂ ಗೊತ್ತುಂಟು. ಅಂಥ ಒಂದು ಸುದ್ದಿ ಓದಿದ ದಿನ ನಮಗೆ ಊಟ ಸೇರಲಿಲ್ಲ. ನಾವು ಹೊಳೆ ಬದಿಯಲ್ಲೇ ಹುಟ್ಟಿ ಬೆಳೆದವರು. ನಮ್ಮ ಜೊತೆ ಓದುತ್ತಿದ್ದ ಒಬ್ಬನನ್ನು ನೀರು ಎಳೆದುಕೊಂಡು ಹೋಗುವಾಗ ದಡದಲ್ಲಿ ಬೊಬ್ಬೆ ಹಾಕುವುದು ಬಿಟ್ಟರೆ ನಮಗೆ ಬೇರೇನೂ ಮಾಡಲಿಕ್ಕೆ ಆಗಲಿಲ್ಲ. ಅಲ್ಲಿದ್ದ ಆರೇಳು ಹುಡುಗರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಅಂಥ ನಾವೇ ಒಂದು ಹುಡುಗಿಗೆ ಕೂದಲಿಗೋಸ್ಕರ ಈಜು ಬಿಡು ಅಂದೆವಲ್ಲ!

ಹಾಗಾಗಿ ವಿಚಾರಿಸಲಿಕ್ಕೆ ಹೊರಟೆವು. ನಮ್ಮ ಮದ್ರಸದಲ್ಲಿ ಮಗನನ್ನು ಓದಿಸುವ ಚರ್ಮರೋಗದ ಡಾಕ್ಟರ್ ಒಬ್ಬರಿದ್ದಾರೆ, ಅವರ ತಲೆ ತಿಂದೆವು. ಹೆಂಗಸರಿಗೆ ಈಜು ಕಲಿಸುವ ಟೀಚರ್ ಒಬ್ಬರ ಹತ್ತಿರ ನಮ್ಮ ಮನೆಯವಳು ಮಾತಾಡಿದಳು. ಗಂಡಸು ಉಸ್ತಾದ್ ಹೆಣ್ಣುಮಕ್ಕಳ ಕೂದಲಿನ ಬಗ್ಗೆ ಬರೆಯುವುದೆಂದರೆ ನಗುವವರು ನಗಲಿ. ಕೆಳಗೆ ಬರೆದದ್ದರಲ್ಲಿ ಅರ್ಧ ಮನೆಯವಳು ಮಾಡಿ ನೋಡಿ ಹೇಳಿದ್ದು.

ಮೊದಲು ಡಾಕ್ಟರ್ ಕೇಳಿದ ಪ್ರಶ್ನೆಯೇ ಬೇರೆ. "ಉದುರಿದೆಯಾ, ತುಂಡಾಗಿದೆಯಾ?" ನಮಗೆ ಎರಡೂ ಒಂದೇ ಅಂತ ಇತ್ತು. ಅಲ್ಲವಂತೆ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆಳಕಿಗೆ ಹಿಡಿಯಬೇಕು. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದ ಬಿದ್ದ ಕೂದಲು. ದಿನಕ್ಕೆ 50ರಿಂದ 100 ಕೂದಲು ಹಾಗೆ ಬೀಳುವುದು ಎಲ್ಲರಿಗೂ ಇದ್ದದ್ದೇ, ಅದಕ್ಕೆ ಈಜು ಕಾರಣ ಅಲ್ಲ. ಗಂಟು ಇಲ್ಲದೆ ಎರಡೂ ತುದಿ ಬೋಳಾಗಿದ್ದರೆ ಅದು ಮಧ್ಯದಲ್ಲಿ ತುಂಡಾದದ್ದು. ಈಜುಕೊಳದ ನೀರು ಮಾಡುವುದು ಈ ಎರಡನೆಯ ಕೆಲಸ. ಕೂದಲಿನ ಜೀವ ಇರುವುದು ಚರ್ಮದ ಒಳಗಿನ ಬುಡದಲ್ಲಿ. ಹೊರಗೆ ಕಾಣುವ ಉದ್ದಕ್ಕೆ ಜೀವ ಇಲ್ಲ. ಕೊಳದ ನೀರು ಬುಡವನ್ನು ಕೊಲ್ಲುವುದಿಲ್ಲ, ಮಗು ಬೋಳಾಗುವುದಿಲ್ಲ. ಆದರೆ ಹೊರಗಿನ ಉದ್ದ ಒಮ್ಮೆ ಹಾಳಾದರೆ ತನ್ನಷ್ಟಕ್ಕೆ ವಾಸಿ ಆಗುವುದೂ ಇಲ್ಲ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೀತದೆ. ಸೊಂಟದವರೆಗೆ ಜಡೆ ಇರುವ ಹುಡುಗಿಯ ಜಡೆಯ ತುದಿ ಐದು ವರ್ಷಕ್ಕೂ ಹಳೆಯದು ಅಂತ ಲೆಕ್ಕ. ಐದು ವರ್ಷ ಬಿಸಿಲು, ಸೋಪು, ಬಾಚಣಿಗೆ ತಿಂದ ತುದಿ ಮೊದಲು ಸೋಲುವುದರಲ್ಲಿ ಆಶ್ಚರ್ಯ ಏನು?

ಹಾಳಾಗುವುದು ಹೇಗೆ ಅಂತ ತಿಳಿಯಲಿಕ್ಕೆ ನಮ್ಮ ಹೆಂಚಿನ ಮಾಡು ನೋಡಿದರೆ ಸಾಕು. ಒಂದೊಂದು ಕೂದಲಿನ ಮೇಲೂ ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹೊದೆಸಿದ ಸಣ್ಣ ಸಣ್ಣ ಪದರ ಉಂಟು. ಬುಡದ ಕಡೆ ಮಾಡಿನ ತುದಿ, ಕೂದಲಿನ ಕೊನೆ ಕಡೆ ಸೂರು. ಅದರ ಮೇಲೆ ತೆಳ್ಳಗೆ ಎಣ್ಣೆಯ ಪಸೆ. ಹೆಂಚು ಸರಿಯಾಗಿ ಕೂತಿದ್ದರೆ ಕೂದಲು ಹೊಳೀತದೆ, ನೀರು ಒಳಗೆ ಇಳಿಯುವುದು ನಿಧಾನ. ಈಜುಕೊಳದ ನೀರಿನಲ್ಲಿ ರೋಗಾಣು ಕೊಲ್ಲಲಿಕ್ಕೆ ಕ್ಲೋರಿನ್ ಹಾಕುತ್ತಾರೆ. ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಅದು ಬೇಕೇ ಬೇಕು, ಇಲ್ಲದಿದ್ದರೆ ನೂರು ಜನ ಇಳಿದ ನೀರಿನಿಂದ ಹೊಟ್ಟೆನೋವು, ಕಿವಿನೋವು ಬಂದೀತು. ಆದರೆ ಕ್ಲೋರಿನ್‌ಗೆ ರೋಗಾಣು ಯಾವುದು, ಕೂದಲು ಯಾವುದು ಅಂತ ಗೊತ್ತಿಲ್ಲ. ಅದು ಎಣ್ಣೆಯ ಪಸೆಯನ್ನು ತೊಳೆದುಬಿಡ್ತದೆ, ಹೆಂಚುಗಳನ್ನು ಸಡಿಲ ಮಾಡ್ತದೆ, ಒಳಗಿನ ಪ್ರೋಟೀನನ್ನೂ ಸ್ವಲ್ಪ ಸ್ವಲ್ಪ ಕೆಡಿಸ್ತದೆ. ಹೆಂಚು ಎದ್ದ ಮಾಡಿಗೆ ಮಳೆ ಬಂದ ಹಾಗೆ ಕೂದಲು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಾ ಹೀಗಾದರೆ ನಾರಾಗದೆ ಏನಾಗಬೇಕು?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕೊಳದ ಹತ್ತಿರ ಹೋದಾಗ ಮೂಗಿಗೆ ಹೊಡೆಯುವ ವಾಸನೆ ಇದೆಯಲ್ಲ, "ಇವತ್ತು ಕ್ಲೋರಿನ್ ಜಾಸ್ತಿ ಹಾಕಿದ್ದಾರೆ" ಅಂತ ನಾವೆಲ್ಲ ಹೇಳುವುದು? ಅದು ಬರೀ ಕ್ಲೋರಿನ್ನಿನ ವಾಸನೆ ಅಲ್ಲ. ಬೆವರು, ಮೂತ್ರ, ಮೈಯ ಕೊಳೆಯ ಜೊತೆ ಕ್ಲೋರಿನ್ ಸೇರಿ ಆಗುವ ಬೇರೆ ವಸ್ತುವಿನ ವಾಸನೆ. ಕಣ್ಣು ಉರಿಯುವುದೂ ಹೆಚ್ಚಾಗಿ ಅದರಿಂದಲೇ. ಹಾಗಾಗಿ ಇಳಿಯುವ ಮೊದಲು ಮೈಗೆ ನೀರು ಹಾಕಿಕೊಳ್ಳದೆ ದಡಕ್ಕನೆ ಹಾರುವವರು, ನೀರಿನಲ್ಲೇ ಮೂತ್ರ ಮಾಡುವ ಮಕ್ಕಳು, ಎಲ್ಲರ ಕಣ್ಣಿಗೂ ತೊಂದರೆ ಕೊಡುತ್ತಾರೆ. ಶುಚಿಯ ಪಾಠ ಮನೆಯಲ್ಲೂ ಮದ್ರಸದಲ್ಲೂ ಕಲಿಯುವ ನಮ್ಮ ಮಕ್ಕಳು ಈ ವಿಷಯದಲ್ಲಿ ಮುಂದೆ ಇರಬೇಡವೇ?

ಬಾವಿ ನೀರು ಮೊದಲು

ಟೀಚರ್ ಹೇಳಿದ ಮೊದಲ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ಕೊಳಕ್ಕೆ ಇಳಿಯುವ ಮುಂಚೆ ಕೂದಲನ್ನು ಒಳ್ಳೆಯ ನೀರಿನಲ್ಲಿ ಪೂರ್ತಿ ಒದ್ದೆ ಮಾಡಬೇಕು. ಮೇಲೆ ಮೇಲೆ ಚಿಮುಕಿಸಿದರೆ ಸಾಲದು, ಹಿಂಡಿದರೆ ನೀರು ಇಳಿಯಬೇಕು. ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಹೀರುತ್ತದೆ. ಒಳ್ಳೆಯ ನೀರು ಕುಡಿದು ಹೊಟ್ಟೆ ತುಂಬಿದ ಕೂದಲಿಗೆ ಕೊಳದ ನೀರು ಕುಡಿಯಲಿಕ್ಕೆ ಜಾಗ ಕಡಿಮೆ. ಒಣ ಕೂದಲಲ್ಲಿ ಹಾರಿದರೆ ಮೊದಲ ಗುಟುಕೇ ಕ್ಲೋರಿನ್ನಿನದ್ದು. ನಮ್ಮ ಆ ಹುಡುಗಿ ಮಾಡಿದ್ದು ಇದನ್ನೇ. ದಿನಾ ಬೆಳಿಗ್ಗೆ ಒಣ ಜಡೆಯಲ್ಲಿ ಇಳಿದು, ಮನೆಗೆ ಬಂದು ಮೈಗೆ ಹಚ್ಚುವ ಸೋಪಿನಲ್ಲೇ ತಲೆ ಉಜ್ಜಿ, ಟವೆಲಿನಲ್ಲಿ ತಿಕ್ಕಿ, ಒದ್ದೆಯಲ್ಲೇ ಶಾಲು ಸುತ್ತಿಕೊಂಡು ಬರುತ್ತಿದ್ದಳಂತೆ. ಕೊಳದ ನೀರು ಮಾಡಿದ್ದು ಕಾಲು ಭಾಗ, ಉಳಿದ ಮುಕ್ಕಾಲು ನಾವು ಮಾಡಿದ್ದು ಅಂತ ಮನೆಯವಳು ತೀರ್ಪು ಕೊಟ್ಟಳು. ಇದು ಅವಳ ಲೆಕ್ಕ, ಡಾಕ್ಟರದ್ದಲ್ಲ.

ಎರಡನೆಯದು ತೆಂಗಿನೆಣ್ಣೆ. ಇದನ್ನು ಹೇಳಲಿಕ್ಕೆ ನಮಗೆ ತುಸು ಹೆಮ್ಮೆಯೇ. ನಮ್ಮ ಹಿರಿಯರು ಮಕ್ಕಳ ತಲೆಗೆ ಎಣ್ಣೆ ಹಾಕದೆ ಹೊಳೆಗೆ ಬಿಡುತ್ತಿರಲಿಲ್ಲ. 2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ತೊಳೆದು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಕೂದಲಿನಿಂದ ಪ್ರೋಟೀನ್ ಸೋರಿ ಹೋಗುವುದನ್ನು ಗಮನಕ್ಕೆ ಬರುವಷ್ಟು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಸಣ್ಣದಾಗಿ ನೇರವಾಗಿ ಇರುವುದರಿಂದ ಕೂದಲಿನ ಒಳಗೇ ಇಳೀತದೆ, ಬೇರೆಯವು ಮೇಲೆಯೇ ಕೂರುತ್ತವೆ. ಆ ಸಂಶೋಧಕರು ತೆಂಗಿನೆಣ್ಣೆ ಮಾರುವ ಕಂಪೆನಿಯಲ್ಲೇ ಕೆಲಸ ಮಾಡುತ್ತಿದ್ದವರು ಅಂತ ಡಾಕ್ಟರ್ ನಗುತ್ತಾ ಸೇರಿಸಿದರು. ಆದರೂ ಮಾತು ಸುಳ್ಳಲ್ಲ ಅಂತಲೂ ಹೇಳಿದರು.

ಆದರೆ ಎಣ್ಣೆ ಹಚ್ಚುವುದೆಂದರೆ ನಮ್ಮ ಮನೆಗಳಲ್ಲಿ ಹಣೆ ಮೇಲೆ ಇಳಿಯುವ ಹಾಗೆ ಹಚ್ಚುವುದು. ಅದು ಈಜುಕೊಳಕ್ಕೆ ಆಗುವುದಿಲ್ಲ. ಎಣ್ಣೆ ನೀರಿನ ಮೇಲೆ ತೇಲಿ ಫಿಲ್ಟರಿಗೆ ಹೋಗಿ ಕೂತುಕೊಳ್ತದೆ, ಕೊಳದವರು ಬೈಯುವುದು ನ್ಯಾಯವೇ. ಅರ್ಧ ಗಂಟೆ ಮೊದಲು, ಒಂದು ಸಣ್ಣ ಚಮಚದಷ್ಟು, ಕಿವಿಯ ಕೆಳಗಿನ ಉದ್ದಕ್ಕೆ ಮತ್ತು ತುದಿಗೆ ಮಾತ್ರ. ಹಣೆಯ ಅಂಚಿಗೆ ಹಚ್ಚಿದರೆ ಟೋಪಿ ಜಾರಿ ಜಾರಿ ಮೇಲೆ ಬರ್ತದೆ. ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿದ್ದರೆ ಅಂಗೈಯಲ್ಲಿ ಉಜ್ಜಿ ಕರಗಿಸಿ ಹಚ್ಚಬೇಕು. ಎಣ್ಣೆ ಬೇಡ ಅನ್ನುವ ಕೊಳಗಳಲ್ಲಿ ಕಂಡೀಷನರ್ ಸ್ವಲ್ಪ ಹಚ್ಚಿಕೊಂಡು ಟೋಪಿ ಹಾಕಿದರೂ ನಡೀತದೆ.

ಟೋಪಿಯ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತವೆ. ಬಟ್ಟೆಯದ್ದು ಮೆತ್ತಗೆ ಇರ್ತದೆ, ಕೂದಲು ಹಿಡಿದಿಡ್ತದೆ, ನೀರು ಮಾತ್ರ ಪೂರ್ತಿ ಒಳಗೆ. ಲ್ಯಾಟೆಕ್ಸ್ ಅಂದರೆ ರಬ್ಬರಿನದ್ದು ಅಗ್ಗ, ಆದರೆ ತೆಗೆಯುವಾಗ ಕೂದಲನ್ನೂ ಕಿತ್ತುಕೊಂಡು ಬರ್ತದೆ. ಎಣ್ಣೆ ತಾಗಿದರೆ ರಬ್ಬರ್ ಬೇಗ ಹಾಳು. ಉದ್ದ ಕೂದಲಿಗೆ ಸಿಲಿಕೋನಿನದ್ದೇ ಸರಿ. ಉದ್ದ ಕೂದಲಿನವರಿಗೆಂದೇ ಹಿಂದೆ ದೊಡ್ಡ ಚೀಲದ ಹಾಗೆ ಮಾಡಿದ್ದೂ ಸಿಗ್ತದೆ, ಕೇಳಿ ತನ್ನಿ. ಕೂದಲನ್ನು ಒದ್ದೆ ಮಾಡಿ, ಸಡಿಲ ಜಡೆ ಹೆಣೆದು, ಕತ್ತಿನ ಹಿಂದೆ ಸುತ್ತಿ, ಆಮೇಲೆ ಟೋಪಿಯ ಒಳಗೆ ಎರಡೂ ಕೈ ಹಾಕಿ ಅಗಲಿಸಿ ಹಣೆಯಿಂದ ಹಿಂದಕ್ಕೆ ಎಳೆಯಬೇಕು. ಮೊದಲ ಎರಡು ದಿನ ಇನ್ನೊಬ್ಬರ ಕೈ ಬೇಕಾಗ್ತದೆ. ಸಿಲಿಕೋನ್ ಟೋಪಿ ಹಾಕಿದರೂ ಕೂದಲು ಒಣಗಿ ಉಳಿಯುವುದಿಲ್ಲ, ಸಂದಿಯಿಂದ ನೀರು ಬಂದೇ ಬರ್ತದೆ. "ಟೋಪಿ ಮೋಸ" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಬಂದ ನೀರು ಸುಮ್ಮನೆ ಇರ್ತದೆ, ಹೊಸ ಹೊಸ ಕ್ಲೋರಿನ್ ನೀರು ಕೂದಲಿನ ನಡುವೆ ಹರಿಯುವುದಿಲ್ಲ, ಕೂದಲು ಗಂಟಾಗುವುದಿಲ್ಲ. ಅಷ್ಟು ಸಿಕ್ಕಿದರೆ ಕೊಟ್ಟ ಹಣ ಸಾರ್ಥಕ. ಮನೆಗೆ ಬಂದು ಒಳ್ಳೆಯ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ಟಾಲ್ಕಂ ಪೌಡರ್ ಹಾಕಿ ಇಟ್ಟರೆ ಅಂಟುವುದಿಲ್ಲ.

ಬುರ್ಕಿನಿ ಹಾಕುವವರಿಗೆ ತಲೆಯ ಮುಸುಕು ಇದೆಯಲ್ಲ, ಟೋಪಿ ಯಾಕೆ ಅಂತ ಕೆಲವರು ಕೇಳಿದರು. 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಲೆಬನಾನ್ ಮೂಲದ ಅಹೆದಾ ಝನೆಟ್ಟಿ ಎಂಬವರು ಮಾಡಿದ ಉಡುಪು ಅದು. ಅದರ ಮುಸುಕು ತಲೆ ಮುಚ್ಚಲಿಕ್ಕೆ, ನೀರು ತಡೆಯಲಿಕ್ಕಲ್ಲ. ಈಜುಡುಪಿನ ಬಟ್ಟೆಯ ಮೂಲಕ ನೀರು ಸಲೀಸಾಗಿ ಹೋಗ್ತದೆ. ಒಳಗೆ ಸಿಲಿಕೋನ್ ಟೋಪಿ, ಮೇಲೆ ಮುಸುಕು, ಹೀಗೆ ಮಾಡಿದರೆ ಎರಡೂ ಕೆಲಸ ಆಯಿತು. ಆದರೆ ಬಿಗಿ ನೋಡಿಕೊಳ್ಳಿ, ತಲೆನೋವು ಬರುವಷ್ಟು ಇರಬಾರದು.

ಕೂದಲಿಗೋಸ್ಕರ ಹುಡುಗಿಯರು ನೀರು ಬಿಡುವುದು ನಮ್ಮಲ್ಲಿ ಮಾತ್ರ ಅಂತ ಅಂದುಕೊಂಡಿದ್ದೆವು. ಇಂಗ್ಲೆಂಡಿನ ಕಪ್ಪು ಜನಾಂಗದ ಹುಡುಗಿಯರ ಕೂದಲು ದಪ್ಪ, ಗುಂಗುರು. ಸಾಮಾನ್ಯ ಟೋಪಿಯಲ್ಲಿ ಹಿಡಿಯುವುದಿಲ್ಲ. ಅವರಿಗೆಂದು ಅಲ್ಲಿ 'ಸೋಲ್ ಕ್ಯಾಪ್' ಎಂಬ ದೊಡ್ಡ ಟೋಪಿ ಬಂತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಮೊದಲು ಅಂತಾರಾಷ್ಟ್ರೀಯ ಈಜು ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಜಗತ್ತಿನಾದ್ಯಂತ ಜನ ಸಿಟ್ಟಾದರು. 2022ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಟೋಪಿಗೆ ಅಷ್ಟು ದೊಡ್ಡ ಹೋರಾಟ ಯಾಕೆ ಅಂತ ಗಂಡಸರಿಗೆ ಅರ್ಥ ಆಗುವುದು ಕಷ್ಟ. ಮದ್ರಸದ ಗೇಟಿನ ಹತ್ತಿರ ನಿಂತ ಆ ಉಮ್ಮನಿಗೆ ಕೂಡಲೇ ಅರ್ಥ ಆದೀತು.

ನೀರಿನಿಂದ ಮೇಲೆ ಬಂದ ಮೇಲೆ

ಕೊಳದಿಂದ ಬಂದ ಕೂಡಲೇ, ಮನೆಗೆ ಹೋಗಿ ಮಾಡುವಾ ಅಂತ ಕಾಯದೆ, ಅಲ್ಲಿಯೇ ಶವರಿನಲ್ಲಿ ಕೂದಲು ತೊಳೆಯಬೇಕು. ಕ್ಲೋರಿನ್ ಕೂದಲಲ್ಲಿ ಒಣಗಿದಷ್ಟು ಹೊತ್ತೂ ಕೆಲಸ ಮಾಡ್ತಾ ಇರ್ತದೆ. ಆಮೇಲೆ ಮನೆಯಲ್ಲಿ ಮೆದು ಶಾಂಪೂ, ಅದೂ ತಲೆಯ ಚರ್ಮಕ್ಕೆ ಮಾತ್ರ. ನೊರೆ ಇಳಿಯುವಾಗ ಉದ್ದ ತಾನೇ ತೊಳೆದು ಹೋಗ್ತದೆ. ಕಂಡೀಷನರ್ ಮಾತ್ರ ಉದ್ದಕ್ಕೆ, ಬುಡಕ್ಕಲ್ಲ. ಮೈ ಸೋಪು ಬೇಡ. ಸೋಪಿನ ಕ್ಷಾರಕ್ಕೆ ಸಡಿಲಾದ ಹೆಂಚು ಇನ್ನೂ ಏಳ್ತದೆ, ಗಡಸು ನೀರಿನ ಬೋರ್‌ವೆಲ್ ಇರುವ ಮನೆಗಳಲ್ಲಿ ಸೋಪಿನ ಜಿಡ್ಡು ಕೂದಲಿಗೆ ಅಂಟಿ ಕೂರ್ತದೆ. ಸೋಡಾ ಪುಡಿ ಹಾಕಿ ತೊಳೆದರೆ ಕ್ಲೋರಿನ್ ಹೋಗ್ತದೆ ಅಂತ ಯಾರೋ ಫೋನಿನಲ್ಲಿ ಕಳಿಸಿದ ವೀಡಿಯೋ ನೋಡಿ ನಮ್ಮ ಮನೆಯಲ್ಲೂ ಒಂದು ಸಲ ಮಾಡಿದರು. ಅದೂ ಕ್ಷಾರವೇ, ಕೂದಲು ಪೊರಕೆ ಆಯಿತು. ಅಷ್ಟೇ ಹೇಳ್ತೇವೆ.

ದಾಸವಾಳದ ಎಲೆಯ ಲೋಳೆ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ತಾಯಂದಿರು ಶನಿವಾರ, ಗುರುವಾರ ಅದನ್ನೇ ಹಿಂಡಿ ತಲೆಗೆ ಹಾಕುತ್ತಿದ್ದದ್ದು. ಹಿತ್ತಿಲಿನಲ್ಲಿ ಗಿಡ ಇದ್ದೂ ಪ್ಯಾಕೆಟ್ ತರುವವರನ್ನು ಕಂಡರೆ ನಮಗೆ ಪಾಪ ಅನಿಸ್ತದೆ.

ಕ್ಲೋರಿನ್ ವಾಸನೆ ಹೋಗುವುದೇ ಇಲ್ಲ ಅನ್ನುವವರಿಗೆ ಟೀಚರ್ ಹೇಳಿದ ಒಂದು ಉಪಾಯ ಉಂಟು. ಮೆಡಿಕಲಿನಲ್ಲಿ ಸಿಗುವ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಒಂದನ್ನು ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಕೂದಲಿಗೆ ಸುರಿದು, ಒಂದೆರಡು ನಿಮಿಷ ಬಿಟ್ಟು ತೊಳೆಯುವುದು. ಕ್ಲೋರಿನ್ನನ್ನು ವಿಟಮಿನ್ ಸಿ ನಿಷ್ಕ್ರಿಯ ಮಾಡ್ತದೆ, ಇದು ಸಾದಾ ರಸಾಯನಶಾಸ್ತ್ರ. ಕಣ್ಣಿಗೆ ಬೀಳಬಾರದು. ವಾರಕ್ಕೆ ಒಂದೆರಡು ಸಲ ಸಾಕು. ಮಾತ್ರೆ ಬದಲಿಗೆ ಲಿಂಬೆಹುಳಿ ಹಿಂಡಬಹುದಾ ಅಂತ ಕೇಳಬೇಡಿ, ಅದರ ಹುಳಿ ಜಾಸ್ತಿ, ವಿಟಮಿನ್ ಕಡಿಮೆ.

ಒದ್ದೆ ಕೂದಲು ಒಣ ಕೂದಲಿಗಿಂತ ಬಲಹೀನ, ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಗ್ತದೆ. ಅದಕ್ಕೇ ಟವೆಲಿನಲ್ಲಿ ಗಸಗಸ ತಿಕ್ಕುವುದು ನಿಲ್ಲಬೇಕು. ಕೆಳಗಿನಿಂದ ಮೇಲೆ ತಿಕ್ಕಿದರೆ ಹೆಂಚನ್ನು ಸೂರಿನ ಕಡೆಯಿಂದ ಎಬ್ಬಿಸಿದ ಹಾಗೆ. ಹಳೆಯ ಹತ್ತಿ ಲುಂಗಿಯಲ್ಲಿ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಮೊದಲು ತುದಿ ಬಿಡಿಸಿ, ಆಮೇಲೆ ಮಧ್ಯ, ಕೊನೆಗೆ ಬುಡ. ನಮ್ಮಲ್ಲಿ ಬುಡದಿಂದ ಜೋರಾಗಿ ಎಳೆದು ಬಾಚುವ, ಮಗು ಕೂಗುವ, ಉಮ್ಮ ಬೈಯುವ ಮೂರೂ ಒಟ್ಟಿಗೆ ನಡೀತದೆ.

ಇನ್ನೊಂದು ವಿಷಯ ನಮ್ಮ ಮನೆಗಳದ್ದೇ. ಈಜಿ ಬಂದು ಒದ್ದೆ ತಲೆಗೇ ಶಾಲು ಸುತ್ತಿ ಶಾಲೆಗೋ ಮದ್ರಸಕ್ಕೋ ಓಡುವುದು. ಇಡೀ ದಿನ ಒದ್ದೆ, ಬಿಸಿ, ಗಾಳಿ ಇಲ್ಲ. ತಲೆಹೊಟ್ಟು ಮಾಡುವ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಾ? ವಾಸನೆ ಬರ್ತದೆ, ತುರಿಸ್ತದೆ, ತುರಿಸಿದರೆ ಗಾಯ. ತಪ್ಪು ಶಾಲಿನದ್ದಲ್ಲ, ಒದ್ದೆಯದ್ದು. ಬಿಸಿಲಿನಿಂದ ಕೂದಲು ಕಾಯುವುದರಲ್ಲಿ ಶಾಲಿಗೆ ಸಮ ಯಾವ ಕ್ರೀಮೂ ಇಲ್ಲ. ಆದರೆ ಒಣಗಿದ ತಲೆಗೆ ಸುತ್ತಬೇಕು. ಬೆಳಿಗ್ಗೆ ಸಮಯ ಇಲ್ಲದವರು ಸಂಜೆಯ ತಂಡಕ್ಕೆ ಸೇರಿಸಿ, ಇಲ್ಲದಿದ್ದರೆ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಇಟ್ಟು ಒಣಗಿಸಿ. ಶಾಲು ಹತ್ತಿಯದ್ದಾದರೆ ಒಳ್ಳೆಯದು.

ಹೇನಿನ ಮಾತು ಹೇಳದಿದ್ದರೆ ಮದ್ರಸದ ಉಸ್ತಾದ್ ಬರೆದ ಲೇಖನ ಆಗುವುದಿಲ್ಲ. ಕ್ಲೋರಿನ್ ನೀರಿನಲ್ಲಿ ಹೇನು ಸಾಯ್ತದೆ ಅಂತ ನಂಬಿ ಮಗುವನ್ನು ಕೊಳಕ್ಕೆ ಬಿಟ್ಟ ಒಬ್ಬರು ನಮಗೆ ಗೊತ್ತು. ಸಾಯುವುದಿಲ್ಲ. ನೀರಿನ ಒಳಗೆ ಅದು ಕೂದಲನ್ನು ಗಟ್ಟಿಯಾಗಿ ಹಿಡಿದು ಕೂತುಕೊಳ್ತದೆ. ನೀರಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುವುದು ಅಪರೂಪ. ಆದರೆ ಟೋಪಿ, ಟವೆಲ್, ಬಾಚಣಿಗೆ ಬದಲಾಯಿಸಿಕೊಂಡರೆ ಹರಡಬಹುದು. ಅಕ್ಕ ತಂಗಿಯರಾದರೂ ಟೋಪಿ ಬೇರೆ ಬೇರೆ ಇರಲಿ.

ಕಡ್ಡಾಯ ಸ್ನಾನದ ಬಗ್ಗೆ ಇಬ್ಬರು ಕೇಳಿದ್ದರಿಂದ ಇಲ್ಲಿಯೇ ಬರೆಯುತ್ತೇವೆ. ಈಜು ಟೋಪಿ ಹಾಕಿಕೊಂಡೇ ಕೊಳದಲ್ಲಿ ಮುಳುಗಿ ಅದನ್ನೇ ಗುಸ್ಲ್ ಅಂತ ಲೆಕ್ಕ ಹಾಕಬೇಡಿ. ಕೂದಲಿಗೂ ಅದರ ಬುಡಕ್ಕೂ ನೀರು ತಲುಪಬೇಕು. ಹಚ್ಚಿದ ಎಣ್ಣೆಯ ಪಸೆ ಮಾತ್ರ ಉಳಿದಿದ್ದರೆ ತೊಂದರೆ ಇಲ್ಲ, ಆದರೆ ಗಟ್ಟಿ ಎಣ್ಣೆ, ಮೇಣದಂಥ ಜೆಲ್ ನೀರು ತಾಗದ ಹಾಗೆ ಪದರವಾಗಿ ಕೂತಿದ್ದರೆ ಮೊದಲು ತೆಗೆಯಬೇಕು. ಜಡೆಯ ಒಳಗೆ ನೀರು ಹೋಗ್ತದಾದರೆ ಬಿಚ್ಚಬೇಕೆಂದಿಲ್ಲ, ಹೋಗದಿದ್ದರೆ ಬಿಚ್ಚಬೇಕು. ಸಂಶಯ ಇದ್ದವರು ತಮ್ಮ ಮೊಹಲ್ಲಾದ ಉಸ್ತಾದರ ಹತ್ತಿರ ಕೇಳಿ.

ಸಮುದ್ರ, ಹೊಳೆ, ಗಲ್ಫಿನ ಫ್ಲಾಟು

ಕ್ಲೋರಿನ್ ಕಥೆ ಕೊಳದ್ದು. ಉಳ್ಳಾಲ, ಸೋಮೇಶ್ವರ, ತಣ್ಣೀರುಬಾವಿ, ಪಣಂಬೂರಿಗೆ ರಜೆಯಲ್ಲಿ ಕುಟುಂಬ ಸಮೇತ ಹೋಗುವವರಿಗೆ ತೊಂದರೆ ಉಪ್ಪಿನದ್ದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಆರಿದ ಮೇಲೆ ಉಪ್ಪಿನ ಹರಳು ಕೂದಲಲ್ಲಿ ಉಳಿದು ಪಸೆ ಎಳೀತದೆ, ಒಂದಕ್ಕೊಂದು ಉಜ್ಜಿ ಗಂಟಾಗ್ತದೆ, ಮೇಲಿನಿಂದ ಬಿಸಿಲು. ಮೀನು ಒಣಗಿಸುವ ಹಾಗೆಯೇ ಇದು. ಕಾರಿನಲ್ಲಿ ಐದು ಲೀಟರಿನ ಒಂದು ಕ್ಯಾನ್ ಬಾವಿ ನೀರು ಇಟ್ಟುಕೊಂಡು ಹೋಗಿ. ಹೋಗುವ ಮೊದಲು ಒಂದು ತಂಬಿಗೆ, ಬಂದ ಮೇಲೆ ಉಳಿದದ್ದು ತಲೆಗೆ. ಇದು ದಡದಲ್ಲಿ ಆಡುವವರಿಗೆ ಹೇಳಿದ್ದು. ಮಳೆಗಾಲದ ಸಮುದ್ರಕ್ಕೆ ಇಳಿಯುವುದು ಬೇಡವೇ ಬೇಡ, ಅಲ್ಲಿ ಹೋಗುವುದು ಕೂದಲಲ್ಲ.

ಹೊಳೆಯ ನೀರು ಕೂದಲಿಗೆ ಮೆದು. ಸಮುದ್ರದ ಹತ್ತಿರದ ಕಡೆ ಬೇಸಗೆಯಲ್ಲಿ ನೇತ್ರಾವತಿಯೂ ಉಪ್ಪಾಗ್ತದೆ, ಅಲ್ಲಿ ಸಮುದ್ರದ ಲೆಕ್ಕವೇ.

ಗಲ್ಫಿನಲ್ಲಿ ಇರುವ ನಮ್ಮ ಕುಟುಂಬಗಳಲ್ಲಿ ಎಷ್ಟೋ ಮಕ್ಕಳು ಫ್ಲಾಟಿನ ಕೊಳದಲ್ಲಿ ದಿನಾ ಸಂಜೆ ಇಳಿಯುತ್ತಾರೆ. ಅಲ್ಲಿಯ ಬಿಸಿಲು, ಆಮೇಲೆ ಎಸಿಯ ಒಣ ಗಾಳಿ, ಎರಡೂ ಸೇರಿ ಕೂದಲಿನ ಪಸೆ ಬೇಗ ಆರ್ತದೆ. ರಜೆಯಲ್ಲಿ ಊರಿಗೆ ಬಂದ ಮೊಮ್ಮಗಳ ತಲೆ ನೋಡಿ ಅಜ್ಜಿಯರು "ನೀರು ಸರಿಯಿಲ್ಲ" ಅನ್ನುತ್ತಾರೆ. ಒದ್ದೆ ಮಾಡಿ ಇಳಿಯುವುದು, ಟೋಪಿ, ಬಂದು ತೊಳೆಯುವುದು, ಈ ಮೂರು ಅಭ್ಯಾಸ ಅಲ್ಲಿಗೂ ಅನ್ವಯ.

ಮದುವೆ ಹತ್ತಿರ ಇರುವವರು ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡ ಕೂಡಲೇ ಕೊಳಕ್ಕೆ ಇಳಿದರೆ ಕೊಟ್ಟ ಸಾವಿರಾರು ರೂಪಾಯಿ ನೀರಿಗೆ ಹಾಕಿದ ಹಾಗೆಯೇ. ಎಷ್ಟು ದಿನ ಬಿಡಬೇಕೆಂದು ಅವರನ್ನೇ ಕೇಳಿ. ಬಣ್ಣ ಹಾಕಿದ ಕೂದಲಿನ ಹೆಂಚು ಮೊದಲೇ ಸಡಿಲ, ಬಣ್ಣ ಬೇಗ ಮಾಸ್ತದೆ. ನರೆತ ಕೂದಲು, ಬ್ಲೀಚ್ ಮಾಡಿದ ಕೂದಲು ಹಸಿರು ಛಾಯೆಗೆ ತಿರುಗುವುದೂ ಉಂಟು. ಅದಕ್ಕೆ ಕಾರಣ ಕ್ಲೋರಿನ್ ಅಲ್ಲ, ನೀರಿನಲ್ಲಿರುವ ತಾಮ್ರ. ಪಾಚಿ ಕೊಲ್ಲುವ ಔಷಧಿಯಿಂದಲೋ ಪೈಪಿನಿಂದಲೋ ಬಂದದ್ದು. ಕಪ್ಪು ಕೂದಲಲ್ಲಿ ಅದು ಕಾಣುವುದಿಲ್ಲ. ಗಂಡುಹುಡುಗರ ಗಿಡ್ಡ ಕೂದಲಿಗೆ ಇಷ್ಟೆಲ್ಲ ಬೇಡ, ತೊಳೆದರೆ ಸಾಕು. ಎರಡು ತಿಂಗಳಲ್ಲಿ ಹೇಗೂ ಕತ್ತರಿ ಬೀಳ್ತದೆ.

ಆ ಹುಡುಗಿಯ ವಿಷಯ. ಇಷ್ಟೆಲ್ಲ ತಿಳಿದ ಮೇಲೆ ಅವರ ಮನೆಗೆ ನಾವೂ ಮನೆಯವಳೂ ಹೋದೆವು. ತಪ್ಪು ನಮ್ಮದು, ಕೇಳದೆ ಹೇಳಿಬಿಟ್ಟೆವು ಅಂತ ಮೊದಲೇ ಒಪ್ಪಿಕೊಂಡೆವು. ಹೆಂಗಸರು ಒಳಗೆ ಕೂತು ಬಾಚಣಿಗೆಯ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರಂತೆ. ಹೆಚ್ಚಿನವಕ್ಕೆ ಗಂಟು ಇರಲಿಲ್ಲ, ತುಂಡಾದವೇ. ನಾರಾದ ತುದಿಯನ್ನು ನಾಲ್ಕು ಬೆರಳು ಕತ್ತರಿಸಬೇಕು ಅಂದಾಗ ಉಮ್ಮನ ಕಣ್ಣಲ್ಲಿ ನೀರು ಬಂತಂತೆ, ಮಗಳು ಮಾತ್ರ ತಾನೇ ಕತ್ತರಿ ತಂದುಕೊಟ್ಟಳಂತೆ. ಈಗ ವಾರಕ್ಕೆ ಮೂರು ಸಂಜೆ, ಹೆಣ್ಣುಮಕ್ಕಳದ್ದೇ ತಂಡದಲ್ಲಿ ಹೋಗ್ತಾಳೆ. ಕೊಳದ ಆ ಬದಿಯಿಂದ ಈ ಬದಿಗೆ ನಿಲ್ಲದೆ ಬರ್ತಾಳೆ ಅಂತ ಅವಳ ತಮ್ಮ ನಮ್ಮ ಹತ್ತಿರ ವರದಿ ಒಪ್ಪಿಸಿದ. ತಮ್ಮನಿಗೆ ಇನ್ನೂ ಬರುವುದಿಲ್ಲ. ಅವನನ್ನು ಯಾವಾಗ ಸೇರಿಸ್ತೀರಿ ಅಂತ ನಾಳೆ ಅವನ ಉಪ್ಪನ ಹತ್ತಿರ ಕೇಳಲಿಕ್ಕುಂಟು.